ಹಳೆಯ ಕಂಪ್ಯೂಟರಿನಿಂದ ಹೊಸದಕ್ಕೆ: ಯಾರಿಗೆ ಯಾವ ದಾರಿ?

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಸ್ತರಿತ ಭದ್ರತಾ ಅಪ್‌ಡೇಟ್‌ಗೆ ನೋಂದಾಯಿಸಿಕೊಂಡ ಮನೆಬಳಕೆಯ ಕಂಪ್ಯೂಟರುಗಳಿಗೂ ಗಡುವು 2026ರ ಅಕ್ಟೋಬರ್ 13. ವಿಂಡೋಸ್ 11 ಹಾಕಿಕೊಳ್ಳೋಣವೆಂದರೆ ಅದು ಭದ್ರತೆಗೆಂದೇ ಇರುವ ಟಿಪಿಎಂ 2.0 ಎಂಬ ಚಿಪ್ ಕೇಳುತ್ತದೆ. ಕೆಲವು ಅಪವಾದಗಳನ್ನು ಬಿಟ್ಟರೆ ಇಂಟೆಲ್‌ನ ಎಂಟನೆಯ ತಲೆಮಾರಿಗಿಂತ ಹಿಂದಿನ ಪ್ರೊಸೆಸರುಗಳನ್ನು ಒಪ್ಪುವುದೂ ಇಲ್ಲ. ಹೀಗಾಗಿ ದಾವಣಗೆರೆಯ ಮಂಡಿಪೇಟೆಯ ಅಂಗಡಿಗಳಲ್ಲಿ, ಚಳ್ಳಕೆರೆಯ ಎಣ್ಣೆ ಗಿರಣಿಗಳ ಕಚೇರಿಗಳಲ್ಲಿ, ಚಿತ್ರದುರ್ಗದ ಮನೆಗಳಲ್ಲಿ ಇನ್ನೂ ಚೆನ್ನಾಗಿಯೇ ಓಡುತ್ತಿರುವ ಎಷ್ಟೋ ಕಂಪ್ಯೂಟರುಗಳನ್ನು ಬದಲಾಯಿಸಬೇಕಾಗಿ ಬಂದಿದೆ. ಹೊಸದನ್ನು ಕೊಂಡವರೆಲ್ಲರೂ ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: ಹಳೆಯದರಲ್ಲಿರುವುದನ್ನು ತರಲು ಪೆನ್‌ಡ್ರೈವ್ ಸಾಕೇ, ಹೊರಗಿನ ಹಾರ್ಡ್‌ಡಿಸ್ಕ್ ಕೊಳ್ಳಬೇಕೇ, ಕ್ಲೌಡ್‌ಗೆ (ಇಂಟರ್ನೆಟ್ಟಿನಲ್ಲಿ ಸಿಗುವ ಜಾಗಕ್ಕೆ) ಹಾಕುವುದೇ, ಇಲ್ಲವೆ ಅಂಗಡಿಯವರಿಗೇ ಒಪ್ಪಿಸಿಬಿಡುವುದೇ?

ಈ ಪ್ರಶ್ನೆ ಎದುರಾದಾಗ ಸಾಮಾನ್ಯವಾಗಿ ಮೊದಲು ನೋಡುವುದು ಎಷ್ಟು ಜಿಬಿ ಇದೆ ಎಂಬುದನ್ನು. ನನ್ನ ಅಭಿಪ್ರಾಯದಲ್ಲಿ ಅದು ಎರಡನೆಯ ಪ್ರಶ್ನೆ. ಕಾಪಿ ಮಾಡಿದರೂ ಬಾರದಂಥದ್ದು ಹಳೆಯ ಕಂಪ್ಯೂಟರಿನಲ್ಲಿ ಏನೇನಿದೆ ಎಂಬುದೇ ಮೊದಲನೆಯದು. ಫೋಟೋ, ಪಿಡಿಎಫ್, ಎಕ್ಸೆಲ್ ಹಾಳೆಗಳು ಯಾವ ದಾರಿಯಲ್ಲಿ ತಂದರೂ ಬರುತ್ತವೆ. ಬೇಗವೋ ನಿಧಾನವೋ ಎಂಬುದಷ್ಟೇ ವ್ಯತ್ಯಾಸ. ಸೆಟ್ಟಿಂಗ್‌ಗಳು ಅಷ್ಟಿಷ್ಟು ಬರುತ್ತವೆ. ತಂತ್ರಾಂಶಗಳು ಬರುವುದಿಲ್ಲ. ಸಿ ಡ್ರೈವಿನ ಪ್ರೋಗ್ರಾಂ ಫೈಲ್ಸ್ ಫೋಲ್ಡರನ್ನು ಇಡಿಯಾಗಿ ಎತ್ತಿ ಹೊಸದರಲ್ಲಿ ಇಟ್ಟರೂ ಬಹುಪಾಲು ತಂತ್ರಾಂಶಗಳು ಓಡುವುದಿಲ್ಲ, ಏಕೆಂದರೆ ಇನ್‌ಸ್ಟಾಲ್ ಆಗುವಾಗ ಅವು ರಿಜಿಸ್ಟ್ರಿ ಎಂಬ ವಿಂಡೋಸ್‌ನ ಒಳದಾಖಲೆಯಲ್ಲಿಯೂ ಸಿಸ್ಟಂ ಫೋಲ್ಡರುಗಳಲ್ಲಿಯೂ ಬರೆದಿಟ್ಟ ವಿವರಗಳು ಹಳೆಯ ಯಂತ್ರದಲ್ಲೇ ಉಳಿದಿರುತ್ತವೆ. ವಿಂಡೋಸ್ 7ರ ಕಾಲದಲ್ಲಿದ್ದ ಈಸಿ ಟ್ರಾನ್ಸ್‌ಫರ್ ಎಂಬ ಸೌಲಭ್ಯವನ್ನು ನೆನೆಯುವವರು ಈಗಲೂ ಇದ್ದಾರೆ. ವಿಂಡೋಸ್ 10ರಲ್ಲಿ ಅದನ್ನು ಕೈಬಿಡಲಾಯಿತು. ಅದಿದ್ದಾಗಲೂ ಅದು ಫೈಲು ಮತ್ತು ಸೆಟ್ಟಿಂಗ್‌ಗಳನ್ನು ತರುತ್ತಿತ್ತೇ ಹೊರತು ತಂತ್ರಾಂಶಗಳನ್ನಲ್ಲ.

ಅಳತೆಗೋಲುಗಳು

ಮೊದಲನೆಯ ಪ್ರಶ್ನೆಗೆ ಈ ಊರುಗಳಲ್ಲಿ ಸಿಗುವ ಉತ್ತರಗಳು ಹೆಚ್ಚಾಗಿ ನಾಲ್ಕೈದು ವಸ್ತುಗಳ ಸುತ್ತ ಇರುತ್ತವೆ. ವ್ಯಾಪಾರಸ್ಥರಲ್ಲಿ ಟ್ಯಾಲಿ ಎಂಬ ಲೆಕ್ಕ ಬರೆಯುವ ತಂತ್ರಾಂಶ ಇರುತ್ತದೆ. ಟ್ಯಾಲಿಯ ಲೆಕ್ಕಪತ್ರಗಳು ಡೇಟಾ ಫೋಲ್ಡರಿನೊಳಗೆ ಅಂಕಿಗಳ ಹೆಸರಿನ ಫೋಲ್ಡರುಗಳಲ್ಲಿರುತ್ತವೆ. ಅವನ್ನು ಕಾಪಿ ಮಾಡುವುದು ಸುಲಭ. ಆದರೆ ಲೈಸೆನ್ಸ್ ಹಳೆಯ ಯಂತ್ರಕ್ಕೆ ಅಂಟಿಕೊಂಡಿರುವುದರಿಂದ, ಅಲ್ಲಿ ಅದನ್ನು ಸರೆಂಡರ್ ಮಾಡಿದ (ಹಿಂದಿರುಗಿಸಿದ) ಬಳಿಕವೇ ಹೊಸದರಲ್ಲಿ ಆಕ್ಟಿವೇಟ್ ಮಾಡಬೇಕು. ಹಳೆಯ ಆವೃತ್ತಿಯ ಲೆಕ್ಕವನ್ನು ಹೊಸ ಟ್ಯಾಲಿಪ್ರೈಮ್‌ನಲ್ಲಿ ತೆರೆಯುವಾಗ ಡೇಟಾ ಹೊಸ ರೂಪಕ್ಕೆ ಪರಿವರ್ತನೆಯಾಗುವುದರಿಂದ, ಮೂಲ ಬ್ಯಾಕಪ್ ಒಂದನ್ನು ಮುಟ್ಟದೆ ಬೇರೆಯಾಗಿ ಇಟ್ಟುಕೊಳ್ಳುವುದು ಅಗತ್ಯ. ಜಿಎಸ್‌ಟಿ, ಆದಾಯ ತೆರಿಗೆ ಸಲ್ಲಿಕೆಗೆ ಬಳಸುವ ಡಿಜಿಟಲ್ ಸಹಿಯು ಪೆನ್‌ಡ್ರೈವಿನಂಥ ಯುಎಸ್‌ಬಿ ಟೋಕನ್‌ನೊಳಗೇ ಇರುತ್ತದೆ. ಅದನ್ನು ಕಾಪಿ ಮಾಡಲಾಗದು, ಮಾಡಬೇಕಾಗಿಯೂ ಇಲ್ಲ. ಟೋಕನ್ನಿನ ಡ್ರೈವರನ್ನೂ ಸಹಿ ಮಾಡಿಸುವ ಉಪತಂತ್ರಾಂಶವನ್ನೂ ಹೊಸದರಲ್ಲಿ ಹೊಸದಾಗಿ ಹಾಕಬೇಕು.

ವಕೀಲರು, ಶಿಕ್ಷಕರು, ಮುದ್ರಣಾಲಯದವರಲ್ಲಿ ಕಾಡುವುದು ಕನ್ನಡದ ಕಡತಗಳು. ನುಡಿ, ಬರಹ, ಶ್ರೀಲಿಪಿಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ಟೈಪಾದ ಕಡತಗಳು ಯೂನಿಕೋಡ್‌ನಲ್ಲಿ (ಎಲ್ಲ ಕಂಪ್ಯೂಟರುಗಳೂ ಓದಬಲ್ಲ ಅಕ್ಷರ ಸಂಕೇತದಲ್ಲಿ) ಇರುವುದಿಲ್ಲ. ಆ ಫಾಂಟ್ ಇಲ್ಲದ ಹೊಸ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣಿಸುತ್ತದೆ, ಕಡತವೇ ಕೆಟ್ಟಿತೆಂದು ಗಾಬರಿಯಾಗುತ್ತದೆ. ಕಡತ ಕೆಟ್ಟಿರುವುದಿಲ್ಲ, ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ಫೋಲ್ಡರಿನಿಂದ ಆ ಫಾಂಟುಗಳನ್ನು ತಂದು ಹಾಕಿದರೆ ಮೊದಲಿನಂತೆ ಓದಬಹುದು. ಲಗ್ನಪತ್ರಿಕೆ ಅಚ್ಚು ಹಾಕುವವರ ಪೇಜ್‌ಮೇಕರ್ ಕಡತಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಜೊತೆಗೆ ಶ್ರೀಲಿಪಿಯ ಡಾಂಗಲ್ (ಅದು ಓಡಲು ಕಂಪ್ಯೂಟರಿಗೆ ಸಿಕ್ಕಿಸಬೇಕಾದ, ಬೀಗದ ಕೈಯಂಥ ಸಾಧನ) ಹೊಸ ವಿಂಡೋಸ್‌ನಲ್ಲಿ ಕೆಲಸ ಮಾಡುತ್ತದೆಯೇ ಎಂದು ಮಾರಿದವರನ್ನು ಮುಂಚೆಯೇ ಕೇಳಿಕೊಳ್ಳಬೇಕು.

ಎಪಿಎಂಸಿ ಪ್ರಾಂಗಣದ ಕೆಲವು ದಲಾಲಿ ಅಂಗಡಿಗಳಲ್ಲಿ ಡಾಸ್ ಕಾಲದ ಫಾಕ್ಸ್‌ಪ್ರೋ ಬಿಲ್ಲಿಂಗ್ ಪದ್ಧತಿ ಇನ್ನೂ ಬಳಕೆಯಲ್ಲಿದ್ದರೆ, ಅದನ್ನು ಈ ಪಟ್ಟಿಯ ಮೇಲ್ತುದಿಯಲ್ಲಿ ಬರೆದುಕೊಳ್ಳಬೇಕು. ವಿಂಡೋಸ್ 11 ಬರುವುದು 64 ಬಿಟ್ ರೂಪದಲ್ಲಿ ಮಾತ್ರ, ಅದರ ಮೇಲೆ ಡಾಸ್ ಕಾಲದ 16 ಬಿಟ್ ತಂತ್ರಾಂಶ ನೇರವಾಗಿ ಓಡುವುದಿಲ್ಲ. ಹಳೆಯ ಕಂಪ್ಯೂಟರನ್ನು ಅನುಕರಿಸುವ ಡಾಸ್‌ಬಾಕ್ಸ್‌ನಂಥ ಎಮ್ಯುಲೇಟರಿನೊಳಗೆ ಓಡಿಸಬಹುದು, ಆದರೆ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಲ್ಲಿ ಬಿಲ್ಲು ಬರುವವರೆಗೆ ಆ ಮಾತನ್ನು ನಂಬಬೇಡಿ. ಪ್ರಿಂಟರು ಹಳೆಯ ಪ್ಯಾರಲಲ್ ಪೋರ್ಟಿನದಾಗಿದ್ದರೆ ಹೊಸ ಲ್ಯಾಪ್‌ಟಾಪಿನಲ್ಲಿ ಅದಕ್ಕೆ ಜಾಗವೇ ಇರುವುದಿಲ್ಲ.

ಉಳಿದ ಅಳತೆಗಳನ್ನು ಬೇಗ ಹೇಳಿ ಮುಗಿಸಬಹುದು. ಹಳೆಯ ಕಂಪ್ಯೂಟರ್ ಆನ್ ಆಗುತ್ತದೆಯೇ? ಒಟ್ಟು ಗಾತ್ರ ಹತ್ತಿಪ್ಪತ್ತು ಜಿಬಿಯೋ, ನೂರಾರು ಜಿಬಿಯೋ? ಇಂಟರ್ನೆಟ್ಟಿನ ಅಪ್‌ಲೋಡ್ ವೇಗವೆಷ್ಟು? ಕಡತಗಳನ್ನು ಬೇರೆಯವರು ನೋಡಿದರೆ ತೊಂದರೆಯಿದೆಯೇ? ಕೆಲಸವನ್ನು ಎಷ್ಟು ಹೊತ್ತು ನಿಲ್ಲಿಸಬಹುದು, ಎಷ್ಟು ಹಣ ಹಾಕಬಹುದು? ಇವುಗಳಿಗೆ ಉತ್ತರ ಬರೆದಿಟ್ಟುಕೊಂಡು ಮುಂದಿನ ದಾರಿಗಳನ್ನು ನೋಡೋಣ.

ಕ್ಲೌಡ್

ಮೈಕ್ರೋಸಾಫ್ಟ್ ಖಾತೆಯಿದ್ದರೆ ವಿಂಡೋಸ್ ಬ್ಯಾಕಪ್ ಎಂಬ ಆಪ್ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರುಗಳನ್ನು ಒನ್‌ಡ್ರೈವ್ ಎಂಬ ಮೈಕ್ರೋಸಾಫ್ಟ್‌ನ ಕ್ಲೌಡ್‌ಗೆ ಸೇರಿಸುತ್ತದೆ. ವೈಫೈ ಪಾಸ್‌ವರ್ಡ್, ಪರದೆಯ ಹಿನ್ನೆಲೆ, ಭಾಷೆಯ ಆಯ್ಕೆ ಮುಂತಾದ ಸೆಟ್ಟಿಂಗ್‌ಗಳನ್ನೂ ಉಳಿಸಿಕೊಳ್ಳುತ್ತದೆ. ಸೆಟ್ಟಿಂಗ್‌ಗಳ ಮಟ್ಟಿಗೆ ಖರ್ಚಿಲ್ಲದ ದಾರಿಗಳಲ್ಲಿ ಇದೇ ಉತ್ತಮ. ಆದರೆ ಮೂರು ತೊಡಕುಗಳಿವೆ. ಉಚಿತವಾಗಿ ಸಿಗುವುದು 5 ಜಿಬಿ ಮಾತ್ರ. ಮೈಕ್ರೋಸಾಫ್ಟ್ ಸ್ಟೋರಿನಿಂದ ಬಂದ ಆಪ್‌ಗಳನ್ನಷ್ಟೇ ಅದು ಮರಳಿ ತರುತ್ತದೆ, ಉಳಿದವುಗಳ ಹೆಸರು ತೋರಿಸಿ ನೀವೇ ಇಳಿಸಿಕೊಳ್ಳಿ ಎನ್ನುತ್ತದೆ. ಇನ್ನು, ಮರುಸ್ಥಾಪನೆಯ ಆಯ್ಕೆ ಎದುರಾಗುವುದು ಹೊಸ ಕಂಪ್ಯೂಟರನ್ನು ಮೊದಲ ಸಲ ಆನ್ ಮಾಡಿ ಹೆಸರು, ಖಾತೆ ತುಂಬಿಸುವಾಗ. ಅಂಗಡಿಯವರೇ ಪ್ಯಾಕ್ ಒಡೆದು ಎಲ್ಲ ಸಿದ್ಧಪಡಿಸಿ ಕೊಟ್ಟಿದ್ದರೆ ಆ ಅವಕಾಶ ಆಗಲೇ ದಾಟಿಹೋಗಿರುತ್ತದೆ. ಈ ದಾರಿ ಹಿಡಿಯುವವರು ಕೊಳ್ಳುವಾಗಲೇ "ಪ್ಯಾಕ್ ಒಡೆಯಬೇಡಿ, ನಾವೇ ಸೆಟಪ್ ಮಾಡಿಕೊಳ್ಳುತ್ತೇವೆ" ಎಂದು ಹೇಳಿಬಿಡಬೇಕು.

ಗೂಗಲ್ ಡ್ರೈವ್‌ನ ಉಚಿತ ಮಿತಿ 15 ಜಿಬಿ. ಅದರಲ್ಲೇ ಜಿಮೇಲ್ ಮತ್ತು ಗೂಗಲ್ ಫೋಟೋಸ್‌ನ ಪಾಲೂ ಸೇರಿದೆ. ಗಾತ್ರ ಹೆಚ್ಚಿದಂತೆ ಚಂದಾ ಹಣಕ್ಕಿಂತ ವೇಗವೇ ಅಡ್ಡಿಯಾಗುತ್ತದೆ. ಅಪ್‌ಲೋಡ್ ವೇಗ ಸೆಕೆಂಡಿಗೆ 20 ಮೆಗಾಬಿಟ್ (ಎಂಟು ಮೆಗಾಬಿಟ್ ಸೇರಿದರೆ ಒಂದು ಎಂಬಿ) ಇದೆ ಎಂದುಕೊಂಡರೆ, 200 ಜಿಬಿ ಮೇಲೇರಲು ಸುಮಾರು 22 ಗಂಟೆ ಬೇಕು, ಮತ್ತೆ ಕೆಳಗಿಳಿಯಲು ಬೇರೆ ಸಮಯ. ನಡುವೆ ಕರೆಂಟ್ ಹೋದರೆ ಕಾದು ಮುಂದುವರಿಸಬೇಕು. ಇನ್ನೊಂದು ಎಚ್ಚರಿಕೆ: ಒನ್‌ಡ್ರೈವ್ ಎರಡೂ ಕಂಪ್ಯೂಟರುಗಳನ್ನು ಒಂದೇ ಸಮನಾಗಿ ಇಡುವ ವ್ಯವಸ್ಥೆಯಾದ್ದರಿಂದ, ಹೊಸದಕ್ಕೆ ಬಂದಿದೆಯಲ್ಲ ಎಂದು ಹಳೆಯದರಲ್ಲಿ ಫೈಲು ಅಳಿಸಿದರೆ ಎರಡೂ ಕಡೆ ಅಳಿಸಿಹೋಗುತ್ತದೆ.

ಬ್ರೌಸರಿನ ಬುಕ್‌ಮಾರ್ಕ್ ಮತ್ತು ಪಾಸ್‌ವರ್ಡುಗಳಿಗೆ ಮಾತ್ರ, ನೀವು ಬೇರೆ ಯಾವ ದಾರಿ ಹಿಡಿದರೂ, ಕ್ಲೌಡ್ ಸಿಂಕ್ (ಖಾತೆಯ ಮೂಲಕ ಎರಡೂ ಕಡೆ ತಾನಾಗಿ ಹೊಂದಿಸುವ ಸೌಲಭ್ಯ) ಬಳಸುವುದೇ ಒಳ್ಳೆಯದು. ಕ್ರೋಮ್‌ನ ಪ್ರೊಫೈಲ್ ಫೋಲ್ಡರನ್ನು ಕಾಪಿ ಮಾಡಿ ತಂದರೂ ಪಾಸ್‌ವರ್ಡುಗಳು ತೆರೆಯುವುದಿಲ್ಲ, ಏಕೆಂದರೆ ಅವು ಹಳೆಯ ವಿಂಡೋಸ್‌ನ ಬಳಕೆದಾರ ಖಾತೆಗೆ ಕಟ್ಟುಬಿದ್ದ ಗೂಢಲಿಪಿಯಲ್ಲಿರುತ್ತವೆ. ಸಿಂಕ್ ಬೇಡವೆನ್ನುವವರು ಪಾಸ್‌ವರ್ಡುಗಳನ್ನು ಫೈಲಾಗಿ ಎಕ್ಸ್‌ಪೋರ್ಟ್ ಮಾಡಬಹುದು, ಆದರೆ ಆ ಫೈಲನ್ನು ಯಾರು ಬೇಕಾದರೂ ಓದಬಹುದಾದ್ದರಿಂದ ಕೆಲಸ ಮುಗಿದ ಕ್ಷಣ ಅಳಿಸಬೇಕು.

ಹೊರಗಿನ ಹಾರ್ಡ್‌ಡಿಸ್ಕ್ ಮತ್ತು ಪೆನ್‌ಡ್ರೈವ್

ಬಹುಪಾಲು ಜನರಿಗೆ ನಾನು ಹೇಳುವುದು ಇದನ್ನೇ. ವೇಗವನ್ನು ನಿರ್ಧರಿಸುವುದು ಹಳೆಯ ಕಂಪ್ಯೂಟರಿನ ಪೋರ್ಟು ಮತ್ತು ಅದರೊಳಗಿನ ಡಿಸ್ಕು. ಯುಎಸ್‌ಬಿ 2.0 ಪೋರ್ಟಿನಲ್ಲಿ ಸೆಕೆಂಡಿಗೆ ಮೂವತ್ತು ಎಂಬಿಯ ಸುಮಾರಿಗೆ ಸಿಗುವುದರಿಂದ 200 ಜಿಬಿಗೆ ಎರಡು ಗಂಟೆ ಹಿಡಿಯುತ್ತದೆ. ನೀಲಿ ಬಣ್ಣದ ನಾಲಿಗೆಯಿರುವ ಯುಎಸ್‌ಬಿ 3.0 ಪೋರ್ಟಿದ್ದರೆ ಅದೇ ಕೆಲಸ ಗಂಟೆಯೊಳಗೆ ಮುಗಿಯಬಹುದು. ಇದು ದೊಡ್ಡ ಫೈಲುಗಳ ಲೆಕ್ಕ. ಸಾವಿರಾರು ಸಣ್ಣ ಫೈಲುಗಳಿದ್ದರೆ ಯಾವ ಪೋರ್ಟಿನಲ್ಲಾದರೂ ತಡವಾಗುತ್ತದೆ.

ಹೊರಗಿನ ಡಿಸ್ಕಿಗೆ ಕೆಲವು ಸಾವಿರ ರೂಪಾಯಿ ಖರ್ಚಾಗುತ್ತದೆ, ನಿಜ. ಆದರೆ ಸಾಗಣೆ ಮುಗಿದ ಮೇಲೂ ಅದು ಬ್ಯಾಕಪ್ ಆಗಿ ಮನೆಯಲ್ಲಿ ಉಳಿಯುತ್ತದೆ. ಉಳಿದ ಯಾವ ದಾರಿಯಲ್ಲೂ ಕೊಟ್ಟ ಹಣಕ್ಕೆ ಈ ಲಾಭವಿಲ್ಲ. ಪೆನ್‌ಡ್ರೈವ್ ಸಣ್ಣ ಗಾತ್ರಕ್ಕೆ ಸಾಕು. ಅದು ಫ್ಯಾಟ್ 32 ವಿನ್ಯಾಸದಲ್ಲಿದ್ದರೆ 4 ಜಿಬಿಗಿಂತ ದೊಡ್ಡದಾದ ಒಂದೇ ಫೈಲನ್ನು ತೆಗೆದುಕೊಳ್ಳುವುದಿಲ್ಲ. ಮದುವೆಯ ವಿಡಿಯೋ ಕಾಪಿ ಆಗದಿರಲು ಬಹಳ ಸಲ ಕಾರಣ ಇದೇ. ಖಾಲಿ ಪೆನ್‌ಡ್ರೈವನ್ನು ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿಕೊಂಡರೆ ತೊಂದರೆ ತಪ್ಪುತ್ತದೆ.

ಕಾಪಿ ಮಾಡುವಾಗ ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್ ಅಷ್ಟನ್ನೇ ನೋಡಿದರೆ ಸಾಲದು. ಸಿ ಡ್ರೈವಿನ ಯೂಸರ್ಸ್ ಫೋಲ್ಡರಿನಲ್ಲಿ ನಿಮ್ಮ ಹೆಸರಿನ ಫೋಲ್ಡರನ್ನು ಪೂರ್ತಿಯಾಗಿ ತೆಗೆದುಕೊಳ್ಳಿ, ಅಡಗಿರುವ ಆಪ್‌ಡೇಟಾ ಸಮೇತ. ಬಹಳಷ್ಟು ತಂತ್ರಾಂಶಗಳು ತಮ್ಮ ಸೆಟ್ಟಿಂಗ್‌ಗಳನ್ನು ಇಡುವುದು ಅಲ್ಲಿಯೇ. ಔಟ್‌ಲುಕ್ ಬಳಸುವವರು ಇಮೇಲ್‌ಗಳಿರುವ ಪಿಎಸ್‌ಟಿ ಫೈಲುಗಳನ್ನು ಹುಡುಕಿಕೊಳ್ಳಬೇಕು. ಡಿ, ಇ ಡ್ರೈವುಗಳನ್ನೂ, ಸಿ ಡ್ರೈವಿನೊಳಗೆ ನೇರವಾಗಿ ಯಾರೋ ಎಂದೋ ಮಾಡಿಟ್ಟ ಫೋಲ್ಡರುಗಳನ್ನೂ ಮರೆಯಬಾರದು, ಏಕೆಂದರೆ ಹಳೆಯ ಟ್ಯಾಲಿಯ ಡೇಟಾ ಅಂಥ ಜಾಗದಲ್ಲೇ ಸಿಗುತ್ತದೆ. ಮುಗಿದ ಮೇಲೆ ಎರಡೂ ಕಡೆಯ ಫೋಲ್ಡರಿನ ಪ್ರಾಪರ್ಟೀಸ್ ತೆರೆದು ಫೈಲುಗಳ ಸಂಖ್ಯೆಯನ್ನು ತಾಳೆ ನೋಡಿ.

ಎರಡನ್ನೂ ನೇರವಾಗಿ ಜೋಡಿಸುವುದು

ಎರಡೂ ಕಂಪ್ಯೂಟರುಗಳಲ್ಲಿ ಲ್ಯಾನ್ ಪೋರ್ಟ್ ಇದ್ದರೆ ಸಾಮಾನ್ಯ ಲ್ಯಾನ್ ಕೇಬಲ್ ಒಂದೇ ಸಾಕು; ಗಿಗಾಬಿಟ್ ಪೋರ್ಟುಗಳಿಗೆ ಕ್ರಾಸ್ ಕೇಬಲ್ ಬೇಕಿಲ್ಲ. ಫೋಲ್ಡರನ್ನು ಶೇರ್ ಮಾಡಿ ನೆಟ್‌ವರ್ಕ್ ಮೂಲಕ ಎಳೆದುಕೊಳ್ಳಬಹುದು, ವೇಗ ಸೆಕೆಂಡಿಗೆ ನೂರು ಎಂಬಿಯ ಹತ್ತಿರ ಹೋಗುತ್ತದೆ. ಹಳೆಯದರ ಪೋರ್ಟು 100 ಮೆಗಾಬಿಟ್‌ನದಾಗಿದ್ದರೆ ಮಾತ್ರ ಹನ್ನೊಂದು ಎಂಬಿಗೆ ಇಳಿದು, 200 ಜಿಬಿಗೆ ಐದು ಗಂಟೆಯಾಗುತ್ತದೆ. ಖರ್ಚು ಅತಿ ಕಡಿಮೆ. ತೊಡಕಿರುವುದು ಶೇರಿಂಗ್ ಅನುಮತಿ, ಫೈರ್‌ವಾಲ್, ಬಳಕೆದಾರರ ಪಾಸ್‌ವರ್ಡುಗಳ ಹೊಂದಾಣಿಕೆಯಲ್ಲಿ. ಅವು ಗೊತ್ತಿರುವವರು ಮನೆಯಲ್ಲಿದ್ದರೆ ಈ ದಾರಿ ಹಿಡಿಯಿರಿ, ಇಲ್ಲದಿದ್ದರೆ ಬಿಡಿ. ಈಗಿನ ತೆಳು ಲ್ಯಾಪ್‌ಟಾಪುಗಳಲ್ಲಿ ಲ್ಯಾನ್ ಪೋರ್ಟೇ ಇರದೆ ಅಡಾಪ್ಟರ್ ಬೇಕಾಗಬಹುದು. ಎರಡು ತುದಿಗೂ ಚಪ್ಪಟೆ ಯುಎಸ್‌ಬಿ ಇರುವ ಮಾಮೂಲಿ ಕೇಬಲನ್ನು ಎರಡು ಕಂಪ್ಯೂಟರುಗಳ ನಡುವೆ ಎಂದಿಗೂ ಸಿಕ್ಕಿಸಬೇಡಿ. ಅದಕ್ಕೆಂದೇ ಬರುವ ಬ್ರಿಡ್ಜ್ ಕೇಬಲ್ ಬೇರೆ.

ಹಳೆಯ ಡಿಸ್ಕನ್ನೇ ಹೊರತೆಗೆಯುವುದು

ಹಳೆಯದು ಆನ್ ಆಗದಿದ್ದರೆ ಉಳಿಯುವ ದಾರಿ ಇದು. ಮದರ್‌ಬೋರ್ಡ್ ಅಥವಾ ಪರದೆ ಹೋಗಿದ್ದರೂ ಡಿಸ್ಕ್ ಚೆನ್ನಾಗಿರುವುದು ಸಾಮಾನ್ಯ. ಲ್ಯಾಪ್‌ಟಾಪಿನ ಎರಡೂವರೆ ಇಂಚಿನ ಸಾಟಾ ಡಿಸ್ಕಿಗೆ ಕೆಲವು ನೂರು ರೂಪಾಯಿಯ ಯುಎಸ್‌ಬಿ ಕೇಸ್ ಸಿಗುತ್ತದೆ, ಹಾಕಿದರೆ ಹೊರಗಿನ ಹಾರ್ಡ್‌ಡಿಸ್ಕಿನಂತೆಯೇ ತೆರೆಯುತ್ತದೆ. ಡೆಸ್ಕ್‌ಟಾಪಿನ ಮೂರೂವರೆ ಇಂಚಿನದಕ್ಕೆ ಪ್ರತ್ಯೇಕ ಪವರ್ ಅಡಾಪ್ಟರ್ ಇರುವ ಕೇಸ್ ಬೇಕು. ಡಿಸ್ಕನ್ನು ಗೂಢಲಿಪಿಯಲ್ಲಿಡುವ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ ಆನ್ ಆಗಿದ್ದರೆ ರಿಕವರಿ ಕೀ ಇಲ್ಲದೆ ಏನೂ ಕಾಣದು. ಆ ಕೀ ಬಹಳ ಸಲ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುತ್ತದೆ. ಡಿಸ್ಕಿನಿಂದ ಟಕ್ ಟಕ್ ಸದ್ದು ಬರುತ್ತಿದ್ದರೆ ಮತ್ತೆ ಮತ್ತೆ ಜೋಡಿಸಿ ನೋಡುವುದನ್ನು ಅಲ್ಲಿಗೇ ನಿಲ್ಲಿಸಿ ದತ್ತಾಂಶ ಮರುಪಡೆಯುವವರ ಬಳಿ ಒಯ್ಯಬೇಕು.

ಹಣ ಕೊಟ್ಟು ಕೊಳ್ಳುವ ತಂತ್ರಾಂಶ, ಕ್ಲೋನಿಂಗ್, ಅಂಗಡಿ

ಲ್ಯಾಪ್‌ಲಿಂಕ್ ಸಂಸ್ಥೆಯ ಪಿಸಿಮೂವರ್, ಈಸಿಯಸ್‌ನ ಟೊಡೊ ಪಿಸಿಟ್ರಾನ್ಸ್ ಮುಂತಾದವು ಇನ್‌ಸ್ಟಾಲ್ ಆದ ತಂತ್ರಾಂಶಗಳನ್ನೂ ರಿಜಿಸ್ಟ್ರಿಯ ವಿವರಗಳೊಂದಿಗೆ ಸಾಗಿಸಲು ಪ್ರಯತ್ನಿಸುತ್ತವೆ. ಸಾಮಾನ್ಯ ತಂತ್ರಾಂಶಗಳ ವಿಷಯದಲ್ಲಿ ಇದು ಉಪಯುಕ್ತ. ಆದರೆ ಸಾಮಾನ್ಯ ತಂತ್ರಾಂಶಗಳನ್ನು ಅಂತರ್ಜಾಲದಿಂದ ಹೊಸದಾಗಿ ಇಳಿಸಿಕೊಳ್ಳುವುದು ಕಷ್ಟವಲ್ಲ. ಕಷ್ಟವಿರುವುದು ಲೈಸೆನ್ಸ್ ಕಟ್ಟುಪಾಡಿನ, ಡಾಂಗಲ್ ಬೇಡುವ ತಂತ್ರಾಂಶಗಳಲ್ಲಿ, ಮತ್ತು ಆ ಕಟ್ಟುಪಾಡುಗಳನ್ನು ಇವು ಬಿಡಿಸಲಾರವು. ಇನ್‌ಸ್ಟಾಲ್ ಸಿಡಿ ಕಳೆದುಹೋದ, ಈಗ ಮಾರಾಟದಲ್ಲೇ ಇಲ್ಲದ ತಂತ್ರಾಂಶವಿದ್ದರೆ ಮಾತ್ರ ಹಣ ಹಾಕಿ ನೋಡಬಹುದು. ಹಳೆಯದರಲ್ಲಿ ಸೇರಿಕೊಂಡ ಕಸವೂ ಅದರೊಂದಿಗೆ ಹೊಸದಕ್ಕೆ ಬರುತ್ತದೆ ಎಂಬುದು ಗೊತ್ತಿರಲಿ.

ಕ್ಲೋನಿಂಗ್ ಎಂದರೆ ಡಿಸ್ಕಿನ ಪಡಿಯಚ್ಚು. ಅದೇ ಕಂಪ್ಯೂಟರಿಗೆ ಎಸ್‌ಎಸ್‌ಡಿ (ವೇಗದ ಹೊಸ ಬಗೆಯ ಡಿಸ್ಕ್) ಹಾಕಿಸುವವರಿಗೆ ಇದರಷ್ಟು ಒಳ್ಳೆಯ ದಾರಿ ಇಲ್ಲ. ಅದನ್ನು ಮಾಡುವ ಕ್ಲೋನ್‌ಜಿಲ್ಲಾ ತಂತ್ರಾಂಶ ಉಚಿತವಾಗಿಯೇ ಸಿಗುತ್ತದೆ. ಬೇರೆ ಕಂಪ್ಯೂಟರಿಗೆ ಹೋಗುವವರಿಗೆ ನಾನು ಸಲಹೆ ಮಾಡುವುದಿಲ್ಲ: ಡ್ರೈವರುಗಳು ಬೇರೆ, ಬೂಟ್ ಆಗುವ ರೀತಿ ಬೇರೆಯಿರಬಹುದು, ಹಳೆಯ ಕಂಪ್ಯೂಟರಿನೊಂದಿಗೆ ಬಂದ ವಿಂಡೋಸ್ ಲೈಸೆನ್ಸ್ ಆ ಮದರ್‌ಬೋರ್ಡಿಗೇ ಸೇರಿದ್ದು. ಎಲ್ಲ ಸರಿಹೋದರೂ ಬಂದು ಕೂರುವುದು ವಿಂಡೋಸ್ 10, ಅದನ್ನು ಬಿಡಬೇಕೆಂದೇ ಹೊಸದನ್ನು ಕೊಂಡದ್ದು.

ಅಂಗಡಿಯವರಿಗೆ ಒಪ್ಪಿಸುವುದರಲ್ಲಿ ತಪ್ಪಿಲ್ಲ, ಆದರೆ "ಎಲ್ಲಾ ಡೇಟಾ ಹಾಕಿಕೊಡಿ" ಎಂದಷ್ಟೇ ಹೇಳಿದರೆ ಅವರಿಗೆ ಕಾಣುವುದು ಡೆಸ್ಕ್‌ಟಾಪ್ ಮತ್ತು ಡಿ ಡ್ರೈವ್. ಟ್ಯಾಲಿ ಡೇಟಾ ಎಲ್ಲಿದೆ, ಯಾವ ಫಾಂಟುಗಳು ಬೇಕು, ಯಾವ ಪ್ರಿಂಟರ್ ಎಂಬುದನ್ನು ಹಾಳೆಯಲ್ಲಿ ಬರೆದು ಕೊಡಬೇಕು. ಡಿಜಿಟಲ್ ಸಹಿಯ ಟೋಕನ್ನನ್ನೂ ಅದರ ಪಿನ್ನನ್ನೂ ಕಂಪ್ಯೂಟರಿನ ಜೊತೆ ಬಿಟ್ಟುಬರಬಾರದು. ಸಾಧ್ಯವಾದರೆ ಅವರನ್ನೇ ಕರೆಸಿ ನಿಮ್ಮೆದುರು ಮಾಡಿಸಿ.

ಯಾರು ಏನು ಮಾಡಬಹುದು

ತೋಳಹುಣಸೆಯ ದಾವಣಗೆರೆ ವಿಶ್ವವಿದ್ಯಾಲಯದಲ್ಲೋ ಬಿಐಇಟಿ ಇಂಜಿನಿಯರಿಂಗ್ ಕಾಲೇಜಿನಲ್ಲೋ ಓದುತ್ತಿರುವ, ಹತ್ತಿಪ್ಪತ್ತು ಜಿಬಿ ನೋಟ್ಸು, ಪ್ರಾಜೆಕ್ಟು ಇರುವ ವಿದ್ಯಾರ್ಥಿಗೆ ಕ್ರೋಮ್ ಸಿಂಕ್ ಮತ್ತು 32 ಜಿಬಿಯ ಪೆನ್‌ಡ್ರೈವ್ ಸಾಕು. ಹಣ ಹಾಕುವುದು ದಂಡ. ಫೋಟೋ ಸ್ಟುಡಿಯೋದವರ ಕೆಲಸ ಟಿಬಿಗಳ (ಸಾವಿರಾರು ಜಿಬಿಗಳ) ಲೆಕ್ಕದ್ದು, ಕ್ಲೌಡ್ ಅವರಿಗೆ ಹೊಂದುವುದಿಲ್ಲ. ಡಿ ಡ್ರೈವಾಗಿದ್ದ ಡಿಸ್ಕನ್ನೇ ಕೇಸಿನಲ್ಲಿ ಹಾಕಿ ಬಳಸಿದರೆ ಕಾಪಿ ಮಾಡುವ ಸಮಯವೂ ಉಳಿಯುತ್ತದೆ, ಆದರೆ ಆ ಹಳೆಯ ಡಿಸ್ಕೇ ಏಕೈಕ ಪ್ರತಿಯಾಗಿ ಉಳಿಯಬಾರದು.

ಮಕ್ಕಳು ಬೆಂಗಳೂರಿನಲ್ಲಿದ್ದು, ತಾವು ಚಿತ್ರದುರ್ಗದಲ್ಲಿರುವ ಹಿರಿಯರಿಗೆ ವಿಂಡೋಸ್ ಬ್ಯಾಕಪ್ ಒಳ್ಳೆಯದು: ಪರದೆ ಮೊದಲಿನಂತೆಯೇ ಕಾಣುತ್ತದೆ, ಮಕ್ಕಳು ದೂರದಿಂದಲೇ ಖಾತೆಯನ್ನು ನೋಡಿಕೊಳ್ಳಬಹುದು. 5 ಜಿಬಿ ಮೀರುವ ಫೋಟೋಗಳನ್ನು ಮಾತ್ರ ಅವರು ಹಬ್ಬಕ್ಕೆ ಬಂದಾಗ ಹೊರಗಿನ ಡಿಸ್ಕಿಗೆ ಹಾಕಿಸಿಕೊಳ್ಳಬೇಕು. ವಕೀಲರಿಗೂ ಮುದ್ರಣಾಲಯದವರಿಗೂ ಹೊರಗಿನ ಡಿಸ್ಕ್ ಮತ್ತು ಫಾಂಟುಗಳ ಪ್ರತಿ. ಕಕ್ಷಿದಾರರ ಕಾಗದಪತ್ರಗಳಿರುವುದರಿಂದ ವಕೀಲರು ಡಿಸ್ಕಿಗೆ ಪಾಸ್‌ವರ್ಡ್ ಹಾಕಿಟ್ಟುಕೊಳ್ಳುವುದು ಲೇಸು.

ಮೆಕ್ಕೆಜೋಳದ ಮಂಡಿ, ಅಕ್ಕಿ ಗಿರಣಿ, ಎಣ್ಣೆ ಗಿರಣಿಗಳ ಲೆಕ್ಕದ ಕಂಪ್ಯೂಟರಿಗೆ ನನ್ನ ಸಲಹೆ ಸ್ವಲ್ಪ ನಿಧಾನದ್ದು. ಟ್ಯಾಲಿಯೊಳಗಿಂದಲೇ ಬ್ಯಾಕಪ್ ತೆಗೆದು, ಡೇಟಾ ಫೋಲ್ಡರನ್ನೂ ಬೇರೆಯಾಗಿ ಹೊರಗಿನ ಡಿಸ್ಕಿಗೆ ಕಾಪಿ ಮಾಡಿ, ಆಮೇಲೆ ಲೈಸೆನ್ಸ್ ಸರೆಂಡರ್ ಮಾಡಬೇಕು. ದಿನಾಂಕವನ್ನೂ ನೋಡಿಕೊಳ್ಳಿ. ಪ್ರತಿ ತಿಂಗಳು ಜಿಎಸ್‌ಟಿ ವಿವರ ಸಲ್ಲಿಸುವವರಿಗೆ ಜಿಎಸ್‌ಟಿಆರ್-1ರ ಗಡುವು 11ನೇ ತಾರೀಖು, ಜಿಎಸ್‌ಟಿಆರ್-3ಬಿಯದು 20. ಬದಲಾವಣೆಯನ್ನು ಇವೆರಡೂ ಮುಗಿದ ಮೇಲೆ, 21ರ ನಂತರ ಇಟ್ಟುಕೊಂಡರೆ ಡ್ರೈವರ್ ಹುಡುಕುವುದಕ್ಕೆ ಸಮಯ ಸಿಗುತ್ತದೆ. ಯುಪಿಎಸ್ ಇಲ್ಲದೆ ಡೆಸ್ಕ್‌ಟಾಪಿನಿಂದ ಗಂಟೆಗಟ್ಟಲೆ ಕಾಪಿ ಮಾಡಲು ಹೋಗಬೇಡಿ. ಫಾಕ್ಸ್‌ಪ್ರೋ ಬಿಲ್ಲಿಂಗ್ ಇರುವವರು, ಹೊಸ ಪದ್ಧತಿ ಹೊಂದುವವರೆಗೆ, ಹಳೆಯ ಕಂಪ್ಯೂಟರನ್ನು ಇಂಟರ್ನೆಟ್ಟಿನಿಂದ ಬಿಡಿಸಿ ಅದೇ ಕೆಲಸಕ್ಕೆ ಉಳಿಸಿಕೊಳ್ಳುವುದು ಇರುವುದರಲ್ಲಿ ಕಡಿಮೆ ಖರ್ಚಿನ ದಾರಿ.

ಹಳೆಯದನ್ನು ಎಕ್ಸ್‌ಚೇಂಜಿಗೆ ಕೊಟ್ಟರೆ ಸಿಗುವ ಅಲ್ಪ ಮೊತ್ತಕ್ಕಾಗಿ ಅದೇ ದಿನ ಒಪ್ಪಿಸಿಬಿಡುವವರಿದ್ದಾರೆ. ಒಂದು ತಿಂಗಳ ಸಲ್ಲಿಕೆಗಳು ಹೊಸದರಿಂದಲೇ ಆಗಿ, ಒಂದಾದರೂ ಹಳೆಯ ನುಡಿ ಕಡತ ತೆರೆದು ಅಚ್ಚಾಗಿ, ಸಹಿ ಟೋಕನ್ ಕೆಲಸ ಮಾಡಿದ ಮೇಲಷ್ಟೇ ಕೊಡಿ. ಕೊಡುವ ಮುನ್ನ ಖಾತೆಗಳಿಂದ ಹೊರಬಂದು, ಸೆಟ್ಟಿಂಗ್ಸ್‌ನಲ್ಲಿರುವ ರೀಸೆಟ್ ಆಯ್ಕೆಯಲ್ಲಿ ಎಲ್ಲವನ್ನೂ ತೆಗೆದುಹಾಕುವುದನ್ನು ಆರಿಸಿ, ಅದರೊಳಗೆ ಡ್ರೈವ್ ಶುಚಿಗೊಳಿಸುವ ಆಯ್ಕೆಯನ್ನೂ ಆನ್ ಮಾಡಬೇಕು. ಬರಿಯ ಕ್ವಿಕ್ ಫಾರ್ಮ್ಯಾಟ್ ಮಾಡಿದ ಹಾರ್ಡ್‌ಡಿಸ್ಕಿನಿಂದ ಫೈಲುಗಳನ್ನು ಮರಳಿ ತೆಗೆಯುವುದು ಕಷ್ಟದ ಕೆಲಸವೇನಲ್ಲ. ಆನ್ ಆಗದ ಯಂತ್ರವಾದರೆ ಡಿಸ್ಕನ್ನು ಬಿಚ್ಚಿ ನಿಮ್ಮ ಬಳಿ ಇಟ್ಟುಕೊಂಡು, ಉಳಿದದ್ದನ್ನು ಗುಜರಿಗೆ ಹಾಕದೆ ನೋಂದಾಯಿತ ಇ-ತ್ಯಾಜ್ಯ ಸಂಗ್ರಹಕಾರರಿಗೆ ಕೊಡಿ.